ಪಿಕಪ್ ಗಾಡಿಗೆ ಧೂಳು ನುಗ್ಗುವುದು ಹಿಂದಿನಿಂದ

ಬೆಳೆ ಕಟಾವಾದ ಕೂಡಲೇ ರೈತನ ಕೆಲಸ ಮುಗಿಯಿತೆಂದು ತಿಳಿಯಬಾರದು. ಹೊಲದಿಂದ ಮಂಡಿಗೆ ಹೋಗುವ ಎರಡು ಮೂರು ಗಂಟೆಯ ದಾರಿಯಲ್ಲಿ ಮೂರು ತಿಂಗಳ ದುಡಿಮೆ ಮಣ್ಣಾಗುವುದುಂಟು. ಬೆಂಗಳೂರಿನ ಸುತ್ತಲಿನ ಆನೇಕಲ್, ಹೊಸಕೋಟೆ, ಮಾಲೂರು, ನೆಲಮಂಗಲ ತಾಲ್ಲೂಕುಗಳ ರೈತರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ಕಡೆಯ ತರಕಾರಿ ಇಂದು ಎತ್ತಿನ ಗಾಡಿಯಲ್ಲಾಗಲಿ, ಬಸ್ಸಿನ ಟಾಪಿನ ಮೇಲಾಗಲಿ ಹೋಗುವುದು ಅಪರೂಪ. ಟಾಟಾ ಏಸ್, ಬೊಲೆರೊ ಪಿಕಪ್‌ನಂತಹ ಸಣ್ಣ ಗಾಡಿಗಳೇ ಎಲ್ಲ ಹಳ್ಳಿಗಳಲ್ಲೂ ಓಡುತ್ತಿವೆ. ಇವು ಸಾಗುವ ದಾರಿಯಾದರೂ ಎಂತಹುದು? ಆನೇಕಲ್ ಕಡೆಯವರು ಎಲೆಕ್ಟ್ರಾನಿಕ್ ಸಿಟಿ ಹಾದು ಬರಬೇಕು. ಮಾಲೂರು, ಹೊಸಕೋಟೆಯವರು ವೈಟ್‌ಫೀಲ್ಡಿನ ಆಸುಪಾಸಿನಲ್ಲಿ ಬರಬೇಕು. ನೆಲಮಂಗಲದವರಿಗೆ ಪೀಣ್ಯ ತಪ್ಪಿದ್ದಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದಾಗ ಅಲ್ಲಿ ಸುತ್ತಲೂ ಹೊಲಗಳಿದ್ದವು. ಈಗ ಕಟ್ಟಡಗಳ ಕೆಲಸ, ಅಗೆದ ರಸ್ತೆ, ಜಲ್ಲಿ ಹೊತ್ತ ಟಿಪ್ಪರ್, ಇಟ್ಟಿಗೆ ಲಾರಿಗಳ ನಡುವೆ ನಮ್ಮ ಕೊತ್ತಂಬರಿ ಸೊಪ್ಪು ಪ್ರಯಾಣ ಮಾಡಬೇಕಾಗಿದೆ.

ಧೂಳು ಮೆತ್ತಿದ ಸೊಪ್ಪಿನ ಕಟ್ಟನ್ನು ಮಂಡಿಯವರು ಕೈಯಲ್ಲಿ ಒಮ್ಮೆ ಒದರಿ ನೋಡಿ ಬೆಲೆ ಇಳಿಸುತ್ತಾರೆ. ನೀರು ಚಿಮುಕಿಸಿದರೆ ಧೂಳು ಕೆಸರಾಗಿ ಎಲೆಗೆ ಅಂಟಿ, ಕೊಳೆಯುವುದು ಬೇಗವಾಗುತ್ತದೆ. ದ್ರಾಕ್ಷಿಯ ಪಾಡು ಇನ್ನೂ ಕಷ್ಟ. 2013ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಅಂದವೆಲ್ಲ ಕಾಯಿಯ ಮೇಲಿರುವ ಬೂದಿಯಂತಹ ಸಹಜ ಮೇಣದ ಪದರದಲ್ಲಿದೆ. ಧೂಳು ಒರೆಸಲು ಹೋದರೆ ಆ ಪದರವೂ ಹೋಗುತ್ತದೆ. ‘ಈತನ ಮಾಲು ಯಾವಾಗಲೂ ಮಣ್ಣು’ ಎಂಬ ಹೆಸರು ಒಮ್ಮೆ ಬಂದರೆ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ನಾನೇ ಕೊಟ್ಟ ತಪ್ಪು ಸಲಹೆ

ಕೆಲವು ವರ್ಷಗಳ ಹಿಂದೆ ಸರ್ಜಾಪುರದ ಕಡೆಯ ಸೊಪ್ಪು ಬೆಳೆಗಾರರೊಬ್ಬರು ತಮ್ಮ ತೊಂದರೆಯನ್ನು ನನ್ನ ಬಳಿ ಹೇಳಿಕೊಂಡರು. ಗಾಡಿಗೆ ಟಾರ್ಪಾಲು ಹೊದಿಸಿದ್ದರೂ ಸೊಪ್ಪೆಲ್ಲ ಕೆಂಪಗಾಗುತ್ತಿತ್ತು. ನಾನು ಹೆಚ್ಚು ಯೋಚಿಸದೆ, ‘ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿಬಿಡಿ’ ಎಂದೆ. ಅವರು ಹಾಗೆಯೇ ಮಾಡಿದರು. ಮಾರನೆಯ ದಿನ ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಮಂಡಿಯಲ್ಲಿ ಟಾರ್ಪಾಲು ತೆಗೆದಾಗ ಒಳಗಿನಿಂದ ಹಬೆ ಬಂದಿತು. ನಡುವಿನ ಕಟ್ಟುಗಳು ಕೈಗೆ ಬೆಚ್ಚಗೆ ಹತ್ತುತ್ತಿದ್ದವು, ಎಲೆ ಹಳದಿಗೆ ತಿರುಗಿತ್ತು. ಧೂಳೇನೋ ಬಂದಿರಲಿಲ್ಲ. ‘ಧೂಳಿದ್ದಾಗ ಅರ್ಧ ಬೆಲೆಯಾದರೂ ಸಿಗುತ್ತಿತ್ತು ಸಾರ್’ ಎಂದು ಅವರು ಹೇಳಿದ ಮಾತು ನನಗೆ ಪಾಠವಾಯಿತು.

ಕಿತ್ತ ಸೊಪ್ಪು, ತರಕಾರಿಗೆ ಜೀವವಿರುತ್ತದೆ. ಅವು ಉಸಿರಾಡುತ್ತವೆ, ಉಸಿರಾಡುವಾಗ ಶಾಖ ಬಿಡುತ್ತವೆ. ಆದುದರಿಂದ ಧೂಳು ಬರಬಾರದು, ಗಾಳಿ ಬರಬೇಕು. ಇವೆರಡೂ ಒಟ್ಟಿಗೆ ಆಗಬೇಕಾದರೆ ಧೂಳು ಎಲ್ಲಿಂದ ಬರುತ್ತದೆಂದು ಮೊದಲು ತಿಳಿಯಬೇಕು.

ಧೂಳಿನ ದಾರಿ

ಓಡುವ ಬಸ್ಸನ್ನು ಗಮನಿಸಿ. ಮುಂದಿನ ಗಾಜಿಗಿಂತ ಹಿಂದಿನ ಗಾಜಿನ ಮೇಲೆಯೇ ಮಕ್ಕಳು ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಿರುತ್ತದೆ. ರಸ್ತೆಯ ಒಣ ಎಲೆ, ಕಾಗದದ ಚೂರುಗಳು ಬಸ್ಸಿನ ಹಿಂದೆಯೇ ಓಡುತ್ತವೆ. ಇದಕ್ಕೆ ಕಾರಣವಿದೆ. ಗಾಡಿ ಗಾಳಿಯನ್ನು ಸೀಳಿಕೊಂಡು ಮುಂದೆ ಹೋದಂತೆ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಆ ಜಾಗವನ್ನು ತುಂಬಲು ಪಕ್ಕದಿಂದ, ಕೆಳಗಿನಿಂದ ಗಾಳಿ ಸುಳಿಯಾಗಿ ನುಗ್ಗುತ್ತದೆ. ಚಕ್ರಗಳು ಎಬ್ಬಿಸಿದ ಧೂಳು ಈ ಸುಳಿಯಲ್ಲಿ ಸೇರಿಕೊಂಡು ಗಾಡಿಯ ಹಿಂಬದಿಗೆ ಬಡಿಯುತ್ತದೆ. ಸಂದು ಸಿಕ್ಕಲ್ಲೆಲ್ಲ ಬಾಡಿಯೊಳಕ್ಕೆ ಹೋಗುತ್ತದೆ.

ನಮ್ಮಲ್ಲಿ ಅನೇಕರು ‘ಗಾಳಿಯಾಡಲಿ’ ಎಂದು ಹಿಂದಿನ ಪರದೆಯನ್ನು ಎತ್ತಿ ಕಟ್ಟಿ, ಮುಂಭಾಗವನ್ನು ಭದ್ರವಾಗಿ ಮುಚ್ಚುತ್ತಾರೆ. ಇದು ಧೂಳಿಗೆ ಬಾಗಿಲು ತೆರೆದಂತೆಯೇ ಸರಿ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ: ಹಿಂದೆ ಮುಚ್ಚಬೇಕು, ಮುಂದೆ ಎತ್ತರದಲ್ಲಿ ತೆರೆಯಬೇಕು. ಮುಂದಿನಿಂದ ಒಳಬಂದ ಗಾಳಿ ಬಾಡಿಯೊಳಗೆ ತುಸು ಒತ್ತಡ ಉಂಟುಮಾಡಿ, ಉಳಿದ ಸಣ್ಣ ಸಂದುಗಳಿಂದ ಹೊರಕ್ಕೆ ಹೋಗುತ್ತದೆ. ಗಾಳಿ ಹೊರಗೆ ಬರುತ್ತಿರುವ ಸಂದಿನಲ್ಲಿ ಧೂಳು ಒಳಗೆ ಹೋಗಲಾರದು.

ಹಿಮ ಬೀಳುವ ದೇಶಗಳಲ್ಲಿ ಪಿಕಪ್ ಇಟ್ಟುಕೊಂಡವರಿಗೂ ಇದೇ ಕಾಟ. ಅಲ್ಲಿ ಚಕ್ರದಿಂದೆದ್ದ ಹಿಟ್ಟಿನಂತಹ ಹಿಮ ಇದೇ ಹಿಂದಿನ ಸಂದುಗಳಿಂದ ನುಗ್ಗಿ, ಒಳಗೆ ಕರಗಿ ಸಾಮಾನು ನೆನೆಸುತ್ತದೆ. ನಮಗೆ ಹಿಮವಿಲ್ಲ, ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು ನೀರಿನ ತುಂತುರು. ದಾರಿ ಒಂದೇ ಆದುದರಿಂದ ಉಪಾಯವೂ ಒಂದೇ.

ಸಂದು ಪತ್ತೆ ಮಾಡುವ ಬಗೆ

ಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ಗಾಡಿಯನ್ನು ನಿಲ್ಲಿಸಿ ಇಂಜಿನ್ ಆರಿಸಿ. ಒಬ್ಬರು ಸೀಮೆಸುಣ್ಣ ಹಿಡಿದು ಬಾಡಿಯೊಳಗೆ ಕುಳಿತುಕೊಳ್ಳಲಿ. ಇನ್ನೊಬ್ಬರು ಹೊರಗಿನಿಂದ ಎಲ್ಲವನ್ನೂ ಮುಚ್ಚಲಿ. ಎಲ್ಲೆಲ್ಲಿ ಬೆಳಕು ಕಾಣುವುದೋ ಅಲ್ಲೆಲ್ಲ ಧೂಳಿಗೆ ದಾರಿಯಿದೆ. ಆ ಜಾಗಗಳಿಗೆ ಗುರುತು ಹಾಕಬೇಕು. ಹಿಂದಿನ ಡೋರಿನ ಕೆಳ ಅಂಚು, ಅದರ ಎರಡು ಮೂಲೆ, ತಳದ ತಗಡಿನ ಬೋಲ್ಟು ತೂತುಗಳು, ಪಕ್ಕದ ಡೋರುಗಳ ಕೀಲಿನ ಸಾಲು, ಸಾಮಾನ್ಯವಾಗಿ ಇವೇ ತಪ್ಪಿತಸ್ಥರು. ಬಳಿಕ ಹಿಂದಿನಿಂದಲೂ ಪಕ್ಕದಿಂದಲೂ ಎರಡು ಬಿಂದಿಗೆ ನೀರು ಎರಚಿ ನೋಡಿದರೆ ಮಳೆನೀರು ಬರುವ ದಾರಿಯೂ ತಿಳಿಯುತ್ತದೆ.

ಮುಚ್ಚುವ ಕ್ರಮ

1. ಹಿಂದಿನ ಡೋರು: ಟ್ರಾಕ್ಟರ್ ಇಲ್ಲವೆ ಲಾರಿಯ ಹಳೆಯ ಟ್ಯೂಬನ್ನು ನಾಲ್ಕು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿ. ಡೋರಿನ ಕೆಳಗೆ, ಎರಡೂ ಪಕ್ಕದಲ್ಲಿ ಸಂದನ್ನು ಒಳಗಿನಿಂದ ಮುಚ್ಚುವಂತೆ ಇಟ್ಟು, ಮೇಲೊಂದು ತೆಳು ತಗಡಿನ ಪಟ್ಟಿ ಕೊಟ್ಟು ರಿವೆಟ್ ಹೊಡೆಸಿ. ಬರೀ ಗೋಂದಿನಿಂದ ಅಂಟಿಸಿದರೆ ಕ್ರೇಟು ಎಳೆಯುವಾಗ ಕಿತ್ತುಬರುತ್ತದೆ. ಅನುಕೂಲವಿದ್ದವರು ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ರಬ್ಬರ್ ಬೀಡಿಂಗ್ ಹಾಕಿಸಬಹುದು.

2. ತಳದ ತೂತುಗಳು: ಬೇಡದ ತೂತುಗಳಿಗೆ ರಬ್ಬರ್ ಬಿರಡೆ ಹಾಕಿ. ನೀರು ಹೋಗಲು ಇರುವ ತೂತುಗಳನ್ನು ಮುಚ್ಚಬಾರದು. ತೊಳೆದ ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ. ಅಂತಹ ತೂತಿನ ಕೆಳಗೆ ಟ್ಯೂಬಿನ ತುಂಡೊಂದನ್ನು ಒಂದೇ ಅಂಚಿನಲ್ಲಿ ಸಿಕ್ಕಿಸಿ ನಾಲಗೆಯಂತೆ ಬಿಟ್ಟರೆ, ನೀರು ಇಳಿಯುತ್ತದೆ, ಧೂಳು ಏರುವುದು ಕಡಿಮೆಯಾಗುತ್ತದೆ.

3. ಹಿಂಚಕ್ರದ ಮಡ್‌ಫ್ಲ್ಯಾಪ್: ಹರಿದಿದ್ದರೆ ಕೂಡಲೇ ಬದಲಾಯಿಸಿ. ಧೂಳನ್ನೂ ಕೆಸರನ್ನೂ ಹುಟ್ಟುವಲ್ಲಿಯೇ ತಡೆಯುವುದು ಇದು.

4. ಟಾರ್ಪಾಲು: ಅದರ ಅಂಚು ಪಕ್ಕದ ಹಲಗೆಯ ಹೊರಗೆ ಕನಿಷ್ಠ ಒಂದು ಗೇಣು ಇಳಿಬಿದ್ದಿರಬೇಕು. ಒಳಗೆ ಸಿಕ್ಕಿಸಿದರೆ ಮಳೆನೀರು ನೇರವಾಗಿ ಮಾಲಿನ ಮೇಲೆ ಇಳಿಯುತ್ತದೆ. ಎರಡು ಟಾರ್ಪಾಲು ಜೋಡಿಸುವುದಾದರೆ ಮುಂದಿನದರ ಅಂಚು ಹಿಂದಿನದರ ಮೇಲೆ ಬರಬೇಕು. ಇಲ್ಲವಾದರೆ ಗಾಳಿ ಅದನ್ನು ಎತ್ತುತ್ತದೆ. ಕಮಾನುಗಳು ನಡುವೆ ಎತ್ತರವಾಗಿರಲಿ, ನೀರು ಮಡುಗಟ್ಟಬಾರದು. ಬೆಂಗಳೂರಿನಲ್ಲಿ ಜೋರು ಮಳೆಯ ಕಾಲ ಸೆಪ್ಟೆಂಬರ್, ಅಕ್ಟೋಬರ್. ಅದಕ್ಕೆ ಮುಂಚೆಯೇ ತೂತುಗಳಿಗೆ ತೇಪೆ ಹಾಕಿಸಿಕೊಳ್ಳಿ.

5. ಹಿಂದಿನ ಪರದೆ: ಡೋರಿನ ಹೊರಗೆ ಇಳಿಬಿಟ್ಟು ಎರಡೂ ಪಕ್ಕ ಹಗ್ಗದಿಂದ ಬಿಗಿಯಬೇಕು. ಹಿಂದಿನ ದೀಪ, ನಂಬರ್ ಪ್ಲೇಟು ಮರೆಯಾಗಬಾರದು.

ಗಾಳಿಯ ಕಂಡಿ

ಹಿಂಬದಿ ಭದ್ರವಾದ ಮೇಲೆ ಮುಂದಿನ ಕೆಲಸ. ಬಾಡಿಯ ಮುಂಭಾಗದಲ್ಲಿ, ಕ್ಯಾಬಿನ್ನಿನ ಚಾವಣಿಗಿಂತ ಮೇಲೆ, ಒಂದು ಗೇಣು ಅಗಲ, ಅರ್ಧ ಗೇಣು ಎತ್ತರದ ಎರಡು ಕಂಡಿಗಳನ್ನು ಟಾರ್ಪಾಲಿನಲ್ಲಿ ಕತ್ತರಿಸಿ, ಸೊಳ್ಳೆಪರದೆಯ ಜಾಲರಿ ಹೊಲಿಸಿ. ಹೊರಗಡೆ ಮೇಲಿನಿಂದ ಇಳಿಬೀಳುವ ಮುಚ್ಚಳವೊಂದಿರಲಿ. ಮಳೆ ಬಂದಾಗ ಕಟ್ಟಬಹುದು. ಧೂಳು ಹೆಚ್ಚಿರುವ ದಿನಗಳಲ್ಲಿ ಜಾಲರಿಗೆ ಒಂದು ಪದರ ತೆಳುವಾದ ಮಲ್ಲು ಬಟ್ಟೆ ಸೇರಿಸಿ ದಿನವೂ ಒಗೆಯಬೇಕು. ದಪ್ಪ ಬಟ್ಟೆ ಹಾಕಿದರೆ ಗಾಳಿಯೇ ಬಾರದು, ಕಂಡಿ ಇದ್ದೂ ಇಲ್ಲದಂತೆ. ತಗಡಿನ ಬಾಡಿಯವರು ವೆಲ್ಡಿಂಗ್ ಮಾಡಿಸುವ ಮೊದಲು, ಬಾಡಿಯ ಸ್ವರೂಪ ಬದಲಾಗುವುದಿದ್ದರೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಕ್ರೇಟುಗಳನ್ನು ಕಂಡಿಯ ಎತ್ತರದವರೆಗೆ ಪೇರಿಸಬೇಡಿ. ಮೇಲೆ ಒಂದು ಗೇಣು ಜಾಗ ಬಿಟ್ಟರೆ ಗಾಳಿ ಹಿಂದಿನವರೆಗೂ ಹರಿಯುತ್ತದೆ. ಗಾಡಿ ನಿಂತಾಗ ಈ ಕಂಡಿಗಳು ಕೆಲಸ ಮಾಡುವುದಿಲ್ಲ ಎಂಬುದು ನೆನಪಿರಲಿ. ಬಹಳ ಹೊತ್ತು ನಿಲ್ಲಿಸಬೇಕಾದಲ್ಲಿ ಪಕ್ಕಕ್ಕೆ ತೆಗೆದುಕೊಂಡು ಹಿಂದಿನ ಪರದೆ ಎತ್ತಿ. ಹೊರಡುವಾಗ ಮತ್ತೆ ಇಳಿಸಿ ಕಟ್ಟಿ. ಮಾಲನ್ನು ಮುಂಜಾನೆ ಇಲ್ಲವೆ ಇಳಿಹೊತ್ತಿನಲ್ಲಿ ಕಿತ್ತು, ನೆರಳಿನಲ್ಲಿ ಆರಿಸಿ ತುಂಬುವುದು ಲೇಸು. ಬಿಸಿಲಿನ ಶಾಖವನ್ನು ಹೊತ್ತ ಸೊಪ್ಪನ್ನು ಯಾವ ಕಂಡಿಯೂ ಕಾಪಾಡಲಾರದು.

ಟಿಪ್ಪರ್ ಹಿಂದೆ ಅಂಟಿಕೊಂಡು ಹೋದರೆ ಮುಂದಿನ ಕಂಡಿಗೂ ಧೂಳೇ ಬರುತ್ತದೆ, ಅಂತರ ಬಿಡಬೇಕು. ಮಣ್ಣಿನ ರಸ್ತೆಯಲ್ಲಿ ವೇಗ ತಗ್ಗಿಸಿದಷ್ಟೂ ಧೂಳು ಕಡಿಮೆ ಏಳುತ್ತದೆ.

ಜೀವದ ಮಾತು

ಕೊನೆಯದಾದರೂ ಎಲ್ಲಕ್ಕಿಂತ ದೊಡ್ಡದು ಇದು. ಹಿಂದಿನ ಸುಳಿಗಾಳಿ ಧೂಳನ್ನು ಮಾತ್ರವಲ್ಲ, ಸೈಲೆನ್ಸರಿನ ಹೊಗೆಯನ್ನೂ ಬಾಡಿಯೊಳಕ್ಕೆ ಎಳೆಯುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ತರಿಸಿ ಪ್ರಾಣಕ್ಕೂ ಎರವಾಗಬಲ್ಲದು. ಕ್ರಷರ್ ಪ್ರದೇಶದ ಕಲ್ಲುಪುಡಿಯಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಕೆಡುತ್ತದೆ. ಕಟಾವಿಗೆ ಬಂದ ಹೆಣ್ಣಾಳುಗಳನ್ನೂ, ಮಂಡಿಗೆ ಬರುವ ಹುಡುಗರನ್ನೂ ಟಾರ್ಪಾಲಿನೊಳಗೆ ಮಾಲಿನ ಜೊತೆ ಕೂರಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಸಾಮಾನು ಸಾಗಿಸುವ ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೂ ವಿರುದ್ಧ. ಮೇಲೆ ಹೇಳಿದ ಕಂಡಿ, ರಬ್ಬರ್ ಪಟ್ಟಿ ಎಲ್ಲ ಮಾಲಿಗಾಗಿ ಮಾತ್ರ. ಇವನ್ನು ಮಾಡಿಸಿದ್ದೇವೆಂದು ಮನುಷ್ಯರನ್ನು ಒಳಗೆ ಕೂರಿಸಬೇಡಿ.

ಸರ್ಜಾಪುರದ ಕಡೆಯ ಆ ರೈತರು ನನ್ನನ್ನು ಬೈದು ಕಳುಹಿಸಲಿಲ್ಲ. ಇಬ್ಬರೂ ಸೇರಿ ಹಿಂದಿನ ಡೋರಿಗೆ ಟ್ಯೂಬು ಹೊಡೆಸಿ, ಮುಂದೆ ಕಂಡಿ ಕತ್ತರಿಸಿದೆವು. ಪರೀಕ್ಷೆಗೆಂದು ಒಳಗೆ ಒದ್ದೆ ಮಾಡಿದ ಬಿಳಿ ಪಂಚೆಯ ತುಂಡೊಂದನ್ನು ತೂಗುಹಾಕಿದೆವು. ಮಂಡಿಯಲ್ಲಿ ತೆಗೆದಾಗ ಅದು ಪೂರ್ತಿ ಬೆಳ್ಳಗೇನೂ ಇರಲಿಲ್ಲ, ಆದರೆ ಹಿಂದಿನಂತೆ ಕೆಂಪಾಗಿರಲಿಲ್ಲ, ಸೊಪ್ಪೂ ತಣ್ಣಗಿತ್ತು. ರೈತ ಬಾಂಧವರು ನನ್ನ ಮಾತನ್ನು ನಂಬುವುದಕ್ಕಿಂತ ಈ ಬಟ್ಟೆಯ ಪರೀಕ್ಷೆಯನ್ನು ತಮ್ಮ ತಮ್ಮ ಗಾಡಿಯಲ್ಲಿಯೇ ಮಾಡಿ ನೋಡುವುದು ಒಳ್ಳೆಯದು. ಒಂದು ದಿನ ಹಿಂದಿನ ಪರದೆ ಎತ್ತಿ, ಮರುದಿನ ಹಿಂದೆ ಮುಚ್ಚಿ ಮುಂದೆ ತೆರೆದು ಹೋಗಿ ಬನ್ನಿ. ಎರಡು ಬಟ್ಟೆಗಳನ್ನು ಪಕ್ಕಪಕ್ಕದಲ್ಲಿ ಹಿಡಿದರೆ ಉತ್ತರ ಅವೇ ಹೇಳುತ್ತವೆ.