ಆತಂಕದ ಗುಳಿಗೆಯ ಅರ್ಧಾಯು

ಎರಡು ವರ್ಷಗಳ ಕೆಳಗೆ ನಮ್ಮ ಸೋದರತ್ತೆಯವರು ಬಚ್ಚಲುಮನೆಯ ಹೊಸ್ತಿಲಲ್ಲಿ ಮುಗ್ಗರಿಸಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ವಯಸ್ಸು ೭೨, ಅದುವರೆಗೆ ತಮ್ಮ ಕೆಲಸವನ್ನೆಲ್ಲ ತಾವೇ ಮಾಡಿಕೊಳ್ಳುತ್ತಿದ್ದ ಗಟ್ಟಿ ಜೀವ. ಎದೆಬಡಿತ, ಗಾಬರಿ, ನಿದ್ದೆಗೇಡು ಎಂದು ಅವರು ಹೇಳಿಕೊಂಡಾಗ ನೆರೆಮನೆಯವರು ಕನಿಕರಪಟ್ಟು ತಮ್ಮ ವೈದ್ಯರು ತಮಗೆ ಬರೆದುಕೊಟ್ಟಿದ್ದ ಡಯಾಜೆಪಾಮ್ ಗುಳಿಗೆಗಳನ್ನು ಕೊಟ್ಟಿದ್ದರು. ರಾತ್ರಿಗೊಂದು. ಮೊದಲ ದಿನಗಳಲ್ಲಿ ಸುಖನಿದ್ರೆ. ಬಿದ್ದುದು ಹನ್ನೊಂದನೆಯ ದಿನ. ಬಿದ್ದುದಕ್ಕೆ ಗುಳಿಗೆಯೊಂದೇ ಕಾರಣವೆಂದು ನಾವು ಪ್ರಮಾಣಮಾಡಿ ಹೇಳಲಾರೆವು. ಆದರೆ ಮನೆಯವರು ಕೇಳಿದ ಪ್ರಶ್ನೆ ಸರಿಯಾದುದೇ: ಗುಳಿಗೆ ಅದೇ, ಪ್ರಮಾಣ ಅಷ್ಟೇ; ಮೊದಲ ದಿನ ಇಲ್ಲದ ಹಗಲುತೂಕಡಿಕೆ, ಹೆಜ್ಜೆಯ ತೊಡರು ಹತ್ತು ದಿನಗಳ ಮೇಲೆ ಬಂದುದು ಹೇಗೆ?

ವೈದ್ಯಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೂ ಈ ಪ್ರಶ್ನೆಯ ಉತ್ತರ, ವಿಕಿರಣಶೀಲ ವಸ್ತುಗಳ ಪಾಠದಲ್ಲಿ ನಾವು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವ ಒಂದು ಲೆಕ್ಕದಲ್ಲಿಯೇ ಅಡಗಿದೆ.

ಡಯಾಜೆಪಾಮ್ ಬೆಂಜೋಡಯಾಜೆಪೀನ್ ಎಂಬ ಔಷಧಿಗಳ ಕುಲಕ್ಕೆ ಸೇರಿದುದು. ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನವಿಜ್ಞಾನಿ ಅಮೆರಿಕದಲ್ಲಿ ಕಂಡುಹಿಡಿದ ಈ ಕುಲದ ಮೊದಲನೆಯ ಔಷಧಿ ೧೯೬೦ರಲ್ಲಿ ಮಾರುಕಟ್ಟೆಗೆ ಬಂದಿತು. ೧೯೬೩ರಲ್ಲಿ ಡಯಾಜೆಪಾಮ್ ಬಂದಿತು. ಮಿದುಳಿನ ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ವಸ್ತು ನಮ್ಮೆಲ್ಲರಲ್ಲಿಯೂ ಸಹಜವಾಗಿಯೇ ಇದೆ. ಅದು ಕೋಶದ ಗೋಡೆಯಲ್ಲಿರುವ ಬಾಗಿಲನ್ನು ತೆರೆದು ಕ್ಲೋರೈಡ್ ಅಯಾನುಗಳನ್ನು ಒಳಬಿಡುತ್ತದೆ. ಆಗ ಕೋಶ ಸುಲಭವಾಗಿ ಉದ್ರೇಕಗೊಳ್ಳದು. ಡಯಾಜೆಪಾಮ್ ಆ ಬಾಗಿಲನ್ನು ತಾನೇ ತೆರೆಯುವುದಿಲ್ಲ. ಗಾಬಾ ತೆರೆಯುವುದನ್ನು ಸುಲಭಗೊಳಿಸುತ್ತದೆ.

ಇನ್ನು ಲೆಕ್ಕ. ದೇಹದಲ್ಲಿರುವ ಔಷಧಿ ಅರ್ಧಕ್ಕಿಳಿಯಲು ಬೇಕಾಗುವ ಕಾಲವೇ ಅದರ ಅರ್ಧಾಯು. ಡಯಾಜೆಪಾಮಿನದು ತರುಣರಲ್ಲಿ ಸುಮಾರು ೨೦ ಗಂಟೆ. ವಯಸ್ಸಿನೊಡನೆ ಅದು ಬೆಳೆಯುತ್ತದೆ. ವಯಸ್ಸು ಎಷ್ಟು ವರ್ಷವೋ ಅರ್ಧಾಯು ಸುಮಾರು ಅಷ್ಟು ಗಂಟೆ ಎಂಬ ಸ್ಥೂಲ ನಿಯಮವೂ ಉಂಟು. ನಮ್ಮ ಅತ್ತೆಯವರಿಗೆ ೭೨ ಗಂಟೆ, ಅಂದರೆ ಮೂರು ದಿನ ಎಂದು ಹಿಡಿಯೋಣ. ಒಂದು ದಿನ ಕಳೆಯುವಾಗ ಹೋಗುವುದು ನೂರರಲ್ಲಿ ೨೧ ಭಾಗ ಮಾತ್ರ; ೭೯ ಭಾಗ ಉಳಿಯುತ್ತದೆ. ಅದರ ಮೇಲೆ ಎರಡನೆಯ ಗುಳಿಗೆ ಬಿದ್ದಾಗ ದೇಹದಲ್ಲಿರುವುದು ೧.೭೯ ಗುಳಿಗೆ, ಮೂರನೆಯ ರಾತ್ರಿ ೨.೪೨. ತಳದಲ್ಲಿ ಸಣ್ಣ ತೂತಿರುವ ಹಂಡೆಗೆ ದಿನವೂ ಒಂದು ಕೊಡ ನೀರು ಸುರಿದಂತೆ ಮಟ್ಟ ಏರುತ್ತ ಹೋಗುತ್ತದೆ. ದಿನದಲ್ಲಿ ಸೋರುವುದೂ ಒಂದು ಕೊಡವೇ ಆದಾಗ ನಿಲ್ಲುತ್ತದೆ. ಇಲ್ಲಿ ಅದು ನಿಲ್ಲುವುದು ೪.೮ ಗುಳಿಗೆಯ ಹತ್ತಿರ. ಹತ್ತನೆಯ ರಾತ್ರಿಯ ವೇಳೆಗೆ ನಾಲ್ಕನ್ನು ದಾಟಿರುತ್ತದೆ. ಅತ್ತೆಯವರು ನುಂಗಿದುದು ಒಂದು; ಹೊತ್ತುಕೊಂಡು ಓಡಾಡಿದುದು ನಾಲ್ಕು! ಸಾಲದುದಕ್ಕೆ, ಯಕೃತ್ತು ಡಯಾಜೆಪಾಮನ್ನು ಒಡೆದಾಗ ಹುಟ್ಟುವ ವಸ್ತುವಿಗೂ ಅದೇ ಗುಣವಿದೆ, ಅದರ ಅರ್ಧಾಯು ಇನ್ನೂ ದೀರ್ಘ. ವೃದ್ಧರಿಗೆ ಈ ದೀರ್ಘಕಾಲಿಕ ಗುಳಿಗೆಗಳನ್ನು ಕೊಡಲು ವೈದ್ಯರು ಹಿಂಜರಿಯುವುದು ಇದರಿಂದಲೇ.

ಒಂದು ಎಚ್ಚರಿಕೆ: ಅರ್ಧಾಯು ದೀರ್ಘವೆಂದ ಮಾತ್ರಕ್ಕೆ ಒಂದು ಗುಳಿಗೆಯ ಸುಖವೂ ಅಷ್ಟೇ ದೀರ್ಘವೆಂದಲ್ಲ. ಔಷಧಿ ರಕ್ತದಿಂದ ಮಿದುಳಿಗೆ ಬೇಗ ಏರಿ, ಬಳಿಕ ಕೊಬ್ಬಿನಲ್ಲಿ ಹರಡಿಕೊಳ್ಳುತ್ತದೆ. ಮೊದಲ ಗುಳಿಗೆಯ ಪರಿಣಾಮ ಕೆಲವೇ ಗಂಟೆಗಳಲ್ಲಿ ಇಳಿದಂತೆ ತೋರುತ್ತದೆ. ‘ಇಳಿಯಿತು’ ಎಂದು ರೋಗಿ ಇನ್ನೊಂದನ್ನು ನುಂಗುವುದು ಇಲ್ಲಿಯೇ.

ಹಠಾತ್ತನೆ ಎರಗುವ ಭೀತಿಯ ಆಘಾತದಲ್ಲಿಯೂ ಇಂಥದೇ ಭ್ರಾಂತಿಯುಂಟು. ಆ ಆಘಾತ ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ಶಿಖರ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ನುಂಗಿದ ಡಯಾಜೆಪಾಮ್ ರಕ್ತದಲ್ಲಿ ತನ್ನ ಶಿಖರ ಮುಟ್ಟಲು ಒಂದರಿಂದ ಒಂದೂವರೆ ಗಂಟೆ ಬೇಕು. ಕೀರ್ತಿ ಮಾತ್ರ ಗುಳಿಗೆಗೇ! ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದುಕೊಂಡ ಮುದುಕಿಯ ಕಥೆ ವಾಚಕರಿಗೆ ಗೊತ್ತಿರುವುದೇ. ಹಾಗೆಂದು ಗುಳಿಗೆ ಕೆಟ್ಟದೆಂದು ನಾವು ಹೇಳುತ್ತಿಲ್ಲ. ತೀವ್ರ ಆತಂಕದಲ್ಲಿ ಕೆಲವು ದಿನ, ಹೆಚ್ಚೆಂದರೆ ಎರಡರಿಂದ ನಾಲ್ಕು ವಾರ, ವೈದ್ಯರ ಕಣ್ಣಿನಡಿ ಅದು ನಿಜವಾದ ಆಸರೆ. ದೀರ್ಘ ಚಿಕಿತ್ಸೆಗೆ ಬೇರೆ ಔಷಧಿಗಳೂ, ಭೀತಿಯನ್ನು ಎದುರಿಸಲು ಕಲಿಸುವ ಮನಶ್ಚಿಕಿತ್ಸೆಯೂ ಇವೆ. ಮದ್ಯದೊಡನೆ, ಅಫೀಮಿನ ಜಾತಿಯ ನೋವುಶಾಮಕಗಳೊಡನೆ ಇದನ್ನು ಸೇವಿಸಿದರೆ ಉಸಿರೇ ಕುಂದಿ ಪ್ರಾಣಾಪಾಯವಾಗಬಹುದು. ತೂಕಡಿಕೆಯಿರುವಾಗ ವಾಹನ ನಡೆಸಕೂಡದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಬಿಡುವ ವಿಚಾರ ತೊಡಗುವುದಕ್ಕಿಂತ ಸೂಕ್ಷ್ಮವಾದುದು. ವಾರಗಟ್ಟಲೆ ಸೇವಿಸಿದ ಮಿದುಳು ಗುಳಿಗೆಯ ನೆರವಿಗೆ ಒಗ್ಗಿಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚಿನ ಆತಂಕ, ನಡುಕ, ಒಮ್ಮೊಮ್ಮೆ ಮೂರ್ಛೆಯ ಸೆಳವು ಬರುತ್ತವೆ. ದೀರ್ಘಾಯುವಿನ ಔಷಧಿಯಲ್ಲಿ ಮೋಸವೆಂದರೆ, ಈ ಕಷ್ಟಗಳು ಕೂಡಲೇ ತೋರುವುದಿಲ್ಲ. ಹಂಡೆ ನಿಧಾನವಾಗಿ ಬರಿದಾಗುವುದರಿಂದ ವಾರ ಕಳೆದ ಮೇಲೂ ತೋರಬಹುದು. ‘ಬಿಟ್ಟು ಮೂರು ದಿನವಾಯಿತು, ಏನೂ ಆಗಲಿಲ್ಲ’ ಎಂಬ ಧೈರ್ಯಕ್ಕೆ ಬೆಲೆಯಿಲ್ಲ. ಅದೇ ನಿಧಾನವೇ ಉಪಕಾರವೂ ಹೌದು. ಬೇಗ ಇಳಿಯುವ ಗುಳಿಗೆಗಳನ್ನು ಬಿಡಲಾರದವರಿಗೆ ವೈದ್ಯರು ಕೆಲವೊಮ್ಮೆ ಡಯಾಜೆಪಾಮನ್ನೇ ಬದಲಿಯಾಗಿ ಕೊಟ್ಟು, ಮೆಟ್ಟಿಲಿಳಿಸುವಂತೆ ತಗ್ಗಿಸುತ್ತಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ ೧೯೮೨ರಿಂದ ಹನ್ನೆರಡು ವರ್ಷ ಈ ಕೆಲಸಕ್ಕಾಗಿಯೇ ಒಂದು ಚಿಕಿತ್ಸಾಲಯ ನಡೆಸಿದರು. ೨೦೨೫ರಲ್ಲಿ ಅಮೆರಿಕದ ತಜ್ಞರು ಪ್ರಕಟಿಸಿದ ಮಾರ್ಗದರ್ಶಿಯಂತೆ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ನೂರಕ್ಕೆ ೫ರಿಂದ ೧೦ರಷ್ಟು ಇಳಿಸಿ ನೋಡುವುದು ಆರಂಭಕ್ಕೆ ಯೋಗ್ಯ. ಈ ಅಂಕಿಗಳನ್ನು ವೈದ್ಯರೊಡನೆ ಮಾತನಾಡಲು ಬಳಸಬೇಕೇ ಹೊರತು ಸ್ವಯಂಚಿಕಿತ್ಸೆಗಲ್ಲ.

ನಮ್ಮ ದೇಶದಲ್ಲಿ ಡಯಾಜೆಪಾಮ್ ೨೦೧೩ರಲ್ಲಿ ರಚಿತವಾದ ಎಚ್-೧ ಅನುಸೂಚಿಯಲ್ಲಿದೆ. ಔಷಧಿ ಅಂಗಡಿಯವರು ಚೀಟಿ ಬರೆದ ವೈದ್ಯರ, ರೋಗಿಯ ಹೆಸರುಗಳನ್ನೂ ಪ್ರಮಾಣವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟು ಮೂರು ವರ್ಷ ಕಾಪಾಡಬೇಕು. ನೆರೆಮನೆಯ ಕನಿಕರಕ್ಕೆ ಮಾತ್ರ ಅಂಥ ಪುಸ್ತಕವಿಲ್ಲ.

ಅತ್ತೆಯವರು ಸೇವಿಸಿದುದು ಹನ್ನೊಂದು ದಿನವಷ್ಟೇ ಆದುದರಿಂದ, ವೈದ್ಯರು ಗುಳಿಗೆ ನಿಲ್ಲಿಸಿ ಕೆಲವು ವಾರ ನಿಗಾ ಇಟ್ಟರು. ‘ಇದು ಮೈಯಿಂದ ಹೋಗುವುದು ಎಂದಿಗಪ್ಪಾ?’ ಎಂದು ಆಸ್ಪತ್ರೆಯಲ್ಲಿ ಅವರು ನಮ್ಮನ್ನು ಕೇಳಿದರು. ಐದು ಅರ್ಧಾಯುಗಳು, ಹದಿನೈದು ದಿನ. ಆಗಲೂ ಮೂವತ್ತೆರಡರಲ್ಲೊಂದು ಪಾಲು ಉಳಿದಿರುತ್ತದೆ ಎಂದೆವು. ‘ಮೂಳೆ ಕೂಡುವಷ್ಟರಲ್ಲಿ ಹೋಗುತ್ತದೆ ಬಿಡು’ ಎಂದು ಅವರು ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದರು.