ಹತ್ತು ಮಂದಿಯ ಎಣಿಕೆ

ಯೆಹೂದ್ಯರ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆ ಪೂರ್ಣಗೊಳ್ಳಬೇಕಾದರೆ ಹದಿಮೂರು ವರ್ಷ ತುಂಬಿದ ಹತ್ತು ಮಂದಿ ಗಂಡಸರಾದರೂ ನೆರೆಯಬೇಕು. ಇದಕ್ಕೆ ‘ಮಿನ್ಯಾನ್’ ಎಂದು ಹೆಸರು. ಉದಾರಪಂಥದವರು ಹೆಂಗಸರನ್ನೂ ಈ ಲೆಕ್ಕಕ್ಕೆ ಸೇರಿಸುತ್ತಾರೆ. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಸಾಲದು. ಹತ್ತನೆಯವನು ಪಾಮರನಾದರೂ ಬರಲೇಬೇಕು. ನ್ಯಾಯಶಾಸ್ತ್ರವನ್ನು ಓದಿದವರಿಗೆ ಇದು ಕೋರಂ ನಿಯಮದಂತೆ ತೋರೀತು. ಆದರೆ ಚೆಕ್ ದೇಶದ ರಾಜಧಾನಿ ಪ್ರಾಗ್ ನಗರದ ಚರಿತ್ರೆಯನ್ನು ಬಲ್ಲವರಿಗೆ ಈ ಎಣಿಕೆಯ ಅರ್ಥವೇ ಬೇರೆ.

ಅಲ್ಲಿನ ಯೆಹೂದ್ಯರನ್ನು ಪ್ರಭುತ್ವವೂ ಎಣಿಸಿತ್ತು. ಬೊಹೀಮಿಯಾದಲ್ಲಿ 8,541 ಯೆಹೂದಿ ಕುಟುಂಬಗಳಿಗೆ ಮೀರಿ ಇರಕೂಡದೆಂದು ಚಕ್ರವರ್ತಿ ಆರನೆಯ ಚಾರ್ಲ್ಸ್ 1726ರಲ್ಲಿ ಶಾಸನ ಮಾಡಿದನು. ಮನೆಗೊಬ್ಬ ಮಗನಿಗೆ, ಸಾಮಾನ್ಯವಾಗಿ ಹಿರಿಯವನಿಗೆ, ಮಾತ್ರ ವಿವಾಹದ ಹಕ್ಕು. ಉಳಿದವರು ಊರು ಬಿಟ್ಟರು, ಇಲ್ಲವೆ ಗುಟ್ಟಾಗಿ ಮದುವೆಯಾದರು; ಅಂಥ ದಾಂಪತ್ಯವನ್ನು ಕಾನೂನು ಮನ್ನಿಸಲಿಲ್ಲ. 1744ರಲ್ಲಿ ಮರಿಯಾ ತೆರೇಸಾ ಇಡೀ ಸಮುದಾಯವನ್ನೇ ನಗರದಿಂದ ಹೊರದಬ್ಬಿದಳು. ಮರಳಲು ಅನುಮತಿ ದೊರೆತದ್ದು 1748ರಲ್ಲಿ. ಅವಳ ಮಗ ಎರಡನೆಯ ಜೋಸೆಫ್ 1781ರಲ್ಲಿ ಶಾಲೆ, ಕಸುಬುಗಳ ಬಾಗಿಲನ್ನು ತೆರೆದನಾದರೂ ವ್ಯವಹಾರದ ದಾಖಲೆಗಳು ಜರ್ಮನ್ ಭಾಷೆಯಲ್ಲಿರಬೇಕೆಂದು ವಿಧಿಸಿದನು. ಕುಟುಂಬಸಂಖ್ಯೆಯ ಕಟ್ಟು 1848ರ ಕ್ರಾಂತಿಯವರೆಗೂ ಸಡಿಲಲಿಲ್ಲ.

ಈ ಶಾಸನಗಳೆಲ್ಲಕ್ಕಿಂತ ಹಳೆಯದು ಅಲ್ಲಿನ ‘ಹಳೆ-ಹೊಸ’ ಸಿನಗಾಗ್. ಹದಿಮೂರನೆಯ ಶತಮಾನದ ಈ ಮಂದಿರದಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಒಳಗೆ ಎರಡು ಕಂಬಗಳು, ಸುತ್ತಲೂ ದಪ್ಪ ಗೋಡೆ. ಆಚೆ ಕುಳಿತ ಹೆಂಗಸರು ಗೋಡೆಯ ಕಿರುಗಂಡಿಗಳ ಮೂಲಕ ಪ್ರಾರ್ಥನೆಯನ್ನು ಆಲಿಸುತ್ತಾರೆ. ಶುಕ್ರವಾರ ಸಂಜೆ ಸಬ್ಬತ್ತನ್ನು ಬರಮಾಡಿಕೊಳ್ಳುವಾಗ 92ನೆಯ ಕೀರ್ತನೆಯನ್ನು ಎರಡು ಸಲ ಹೇಳುವುದು ಇಲ್ಲಿನ ವಾಡಿಕೆ. ಹದಿನಾರನೆಯ ಶತಮಾನದ ರಬ್ಬಿ ಲೋವ್ ಮಣ್ಣಿನಿಂದ ಮಾಡಿದ ಗೋಲೆಮ್ ಒಮ್ಮೆ ಕೆರಳಿದಾಗ ಅವನು ಕೀರ್ತನೆಯನ್ನು ನಿಲ್ಲಿಸಿ ಹೋಗಿ, ಅದನ್ನು ಅಡಗಿಸಿ ಬಂದು ಮತ್ತೆ ಹೇಳಿಸಿದನೆಂಬುದು ಐತಿಹ್ಯ. ಪಕ್ಕದ ಯೆಹೂದಿ ಪುರಭವನದ ಒಂದು ಗಡಿಯಾರದಲ್ಲಿ ಅಂಕಿಗಳ ಬದಲು ಹೀಬ್ರೂ ಅಕ್ಷರಗಳಿವೆ. ಆ ಲಿಪಿ ಬಲದಿಂದ ಎಡಕ್ಕೆ ಸಾಗುವಂತೆ ಅದರ ಮುಳ್ಳುಗಳೂ ಹಿಮ್ಮುಖವಾಗಿಯೇ ತಿರುಗುತ್ತವೆ.

ಮೂರನೆಯ ಎಣಿಕೆ ಪಿಂಕಾಸ್ ಸಿನಗಾಗಿನ ಗೋಡೆಗಳ ಮೇಲಿದೆ. ನಾಜಿಗಳಿಗೆ ಬಲಿಯಾದ ಬೊಹೀಮಿಯಾ ಮತ್ತು ಮೊರಾವಿಯಾಗಳ ಸುಮಾರು 78,000 ಯೆಹೂದ್ಯರ ಹೆಸರುಗಳನ್ನು 1950ರ ದಶಕದಲ್ಲಿ ಕೈಯಿಂದಲೇ ಬರೆಯಲಾಯಿತು. 1968ರ ಬಳಿಕ ಮಂದಿರಕ್ಕೆ ಬೀಗ ಬಿತ್ತು. ತೇವದ ದುರಸ್ತಿಯ ಕಾಲದಲ್ಲಿ ಬರಹವೂ ಅಳಿಯಿತು. ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಮೇಲೆ, 1990ರ ದಶಕದಲ್ಲಿ, ಪ್ರತಿಯೊಂದು ಹೆಸರನ್ನೂ ಮತ್ತೆ ಬರೆದರು.

ಪ್ರಭುತ್ವ ಎಣಿಸಿದ್ದು ಮಿತಿ ಹಾಕಲು. ಗೋಡೆ ಎಣಿಸುವುದು ಮರೆಯದಿರಲು. ಸಿನಗಾಗಿನ ಎಣಿಕೆ ಮಾತ್ರ ಬದುಕಿರುವವರದು. ಗೋಡೆಯ ಮೇಲಿನ ಎಪ್ಪತ್ತೆಂಟು ಸಾವಿರ ಹೆಸರುಗಳಲ್ಲಿ ಒಂದಾದರೂ ಆ ಹತ್ತರ ಲೆಕ್ಕಕ್ಕೆ ಒದಗದು. ಮಡಿದವರಿಗಾಗಿ ಹೇಳುವ ‘ಕದ್ದೀಶ್’ ಪ್ರಾರ್ಥನೆಗೂ ಅದೇ ಹತ್ತು ಮಂದಿ ಬೇಕು. ಸತ್ತವರ ಸ್ಮರಣೆಯು ಇದ್ದವರ ಹಾಜರಿಯನ್ನು ನಂಬಿ ನಿಂತಿದೆ. ಅಲ್ಪಸಂಖ್ಯಾತ ಸಮುದಾಯಕ್ಕೆ ಕಾನೂನು ಹಕ್ಕನ್ನು ಕೊಡಬಲ್ಲದು, ಕಟ್ಟಡವನ್ನು ಕಾಯಬಲ್ಲದು. ಶುಕ್ರವಾರದ ಸಂಜೆ ಬಂದು ಕೂರಬೇಕಾದ ಹತ್ತನೆಯವನನ್ನು ಅದು ಕೊಡಲಾರದು.