ಒಳ್ಳೆಯ ಹೆಸರೆಂಬ ಬಂಡವಾಳ

ಒಂದು ಉದ್ಯಮದ ಆಸ್ತಿ ಯಾವುದು ಎಂದು ಕೇಳಿದರೆ ಕಾರ್ಖಾನೆ, ಯಂತ್ರ, ದಾಸ್ತಾನು, ಬ್ಯಾಂಕಿನಲ್ಲಿರುವ ಹಣ ಎಂದು ನಾವು ಎಣಿಸುತ್ತೇವೆ. ಕಣ್ಣಿಗೆ ಕಾಣದ ಇನ್ನೊಂದು ಆಸ್ತಿಯೂ ಇದೆ. ಅದು ಜನರ ನಡುವೆ ಆ ಸಂಸ್ಥೆಗಿರುವ ಒಳ್ಳೆಯ ಹೆಸರು. ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವ ಗ್ರಾಹಕ ಅದರೊಳಗಿನ ಪದಾರ್ಥವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾರ. ಮೇಲಿನ ಹೆಸರನ್ನು ನಂಬಿ ಕೊಳ್ಳುತ್ತಾನೆ. ಸಾಲ ಕೊಡುವ ಬ್ಯಾಂಕು, ಷೇರು ಕೊಳ್ಳುವ ಹೂಡಿಕೆದಾರ, ಕೆಲಸಕ್ಕೆ ಸೇರುವ ಪದವೀಧರ ಇವರೆಲ್ಲರೂ ನೋಡುವುದು ಆ ಹೆಸರನ್ನೇ. ಈ ನಂಬಿಕೆಯನ್ನು ಗಳಿಸಿ ಉಳಿಸಿಕೊಳ್ಳುವುದೇ ಪ್ರತಿಷ್ಠೆಯ ನಿರ್ವಹಣೆ.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. 1980ರ ದಶಕದಲ್ಲಿ ಭಾರತಕ್ಕೆ ಬಂದ ನೆಸ್ಲೆ ಸಂಸ್ಥೆಯ ಮ್ಯಾಗಿ ನೂಡಲ್ಸ್ ಮೂರು ದಶಕಗಳಲ್ಲಿ ಮನೆಮಾತಾಯಿತು. ಅದರಲ್ಲಿ ಮಿತಿಗಿಂತ ಹೆಚ್ಚು ಸೀಸವಿದೆ ಎಂಬ ಪ್ರಯೋಗಾಲಯದ ವರದಿ 2015ರ ಮೇ ತಿಂಗಳಲ್ಲಿ ದೇಶದಾದ್ಯಂತ ಸುದ್ದಿಯಾಯಿತು. ತನ್ನ ಪದಾರ್ಥ ಸುರಕ್ಷಿತವೆಂದು ಸಂಸ್ಥೆ ಹೇಳಿತಾದರೂ ಜನರ ಆತಂಕ ತಗ್ಗಲಿಲ್ಲ. ಜೂನ್ 5ರಂದು ಸಂಸ್ಥೆ ಮಾರುಕಟ್ಟೆಯಿಂದ ಮ್ಯಾಗಿಯನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. ಅದೇ ದಿನ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೂ ನಿಷೇಧದ ಆದೇಶ ಹೊರಡಿಸಿತು. ಸಾವಿರಾರು ಟನ್ ನೂಡಲ್ಸ್ ನಾಶವಾಯಿತು. ಆ ತ್ರೈಮಾಸಿಕದಲ್ಲಿ ನೆಸ್ಲೆ ಇಂಡಿಯಾ 64 ಕೋಟಿ ರೂಪಾಯಿಗೂ ಹೆಚ್ಚು ನಷ್ಟ ತೋರಿಸಿತು. ನಮ್ಮ ನಂಜನಗೂಡಿನ ಕಾರ್ಖಾನೆಯಲ್ಲೂ ಮ್ಯಾಗಿ ತಯಾರಿಕೆ ನಿಂತಿತು.

ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಪಡಿಸಿ, ಮೂರು ಪ್ರಯೋಗಾಲಯಗಳಲ್ಲಿ ಹೊಸದಾಗಿ ಪರೀಕ್ಷೆ ನಡೆಸುವಂತೆ ಹೇಳಿತು. ಅಲ್ಲಿ ತೇರ್ಗಡೆಯಾಗಿ ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗೆ ಮರಳಿತು. ನ್ಯಾಯಾಲಯ ಮಾರಾಟಕ್ಕೆ ಅವಕಾಶ ಕೊಡಬಲ್ಲದು. ತಾಯಂದಿರ ವಿಶ್ವಾಸವನ್ನು ಮಾತ್ರ ಸಂಸ್ಥೆಯೇ ಮತ್ತೆ ಗಳಿಸಬೇಕಾಯಿತು.

ಇಂತಹ ಬಿಕ್ಕಟ್ಟನ್ನು ಬೇರೆ ರೀತಿ ಎದುರಿಸಿದ ನಿದರ್ಶನ ಅಮೆರಿಕದ್ದು. 1982ರಲ್ಲಿ ಷಿಕಾಗೋ ಪ್ರದೇಶದಲ್ಲಿ ಯಾರೋ ಟೈಲೆನಾಲ್ ಎಂಬ ನೋವುನಿವಾರಕ ಗುಳಿಗೆಗಳಿಗೆ ಸಯನೈಡ್ ಬೆರೆಸಿದ್ದರಿಂದ ಏಳು ಜನ ಸತ್ತರು. ತಪ್ಪು ಕಾರ್ಖಾನೆಯದಾಗಿರಲಿಲ್ಲ. ಆದರೂ ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಜನರಿಗೆ ಬಹಿರಂಗವಾಗಿ ಎಚ್ಚರಿಕೆ ಕೊಟ್ಟು, ಸುಮಾರು 3.1 ಕೋಟಿ ಸೀಸೆಗಳನ್ನು ಹಿಂದಕ್ಕೆ ತರಿಸಿ, ಬಿಚ್ಚಿದರೆ ಗೊತ್ತಾಗುವಂತಹ ಭದ್ರ ಮುಚ್ಚಳದೊಂದಿಗೆ ಮರಳಿ ಬಂದಿತು. ಲಾಭಕ್ಕಿಂತ ಜೀವ ಮುಖ್ಯವೆಂದು ನಡೆದು ತೋರಿಸಿದ್ದರಿಂದ ಕುಸಿದಿದ್ದ ಮಾರಾಟ ಒಂದೇ ವರ್ಷದಲ್ಲಿ ಬಹುಮಟ್ಟಿಗೆ ಚೇತರಿಸಿತು.

ಹಾಗೆಂದು ಒಮ್ಮೆ ಗಳಿಸಿದ ಹೆಸರು ಶಾಶ್ವತವಲ್ಲ. ಇದೇ ಸಂಸ್ಥೆ ಮುಂದೆ ಟಾಲ್ಕಂ ಪೌಡರ್ ಕುರಿತು ಸಾವಿರಾರು ಮೊಕದ್ದಮೆಗಳನ್ನು ಎದುರಿಸಿತು; 2023ರಲ್ಲಿ ಟಾಲ್ಕ್ ಬಳಸಿದ ಬೇಬಿ ಪೌಡರಿನ ಮಾರಾಟವನ್ನು ಜಗತ್ತಿನಾದ್ಯಂತ ನಿಲ್ಲಿಸಿತು.

ಪ್ರತಿಷ್ಠೆಯ ನಿರ್ವಹಣೆ ಎಂದರೆ ಜಾಹೀರಾತಿನಿಂದ ಲೋಪ ಮುಚ್ಚುವ ಕಲೆಯಲ್ಲ. ಗುಣಮಟ್ಟ ಕಾಯುವುದು, ದೂರು ಬಂದೊಡನೆ ಕಿವಿಗೊಡುವುದು, ಸತ್ಯವನ್ನು ಬೇಗ ಹೇಳುವುದು, ಹೊಣೆ ಹೊರುವುದು ಇವೇ ಅದರ ಅಂಗಗಳು. ನಾಳೆ ಉದ್ಯೋಗಿಗಳೋ ಉದ್ಯಮಿಗಳೋ ಆಗಲಿರುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು: ಬೆಂಕಿಗೆ ಆಹುತಿಯಾದ ಕಾರ್ಖಾನೆಗೆ ವಿಮೆಯ ಹಣ ಬಂದೀತು, ಕಳೆದುಹೋದ ನಂಬಿಕೆಯನ್ನು ನಡತೆಯಿಂದಲೇ ಮತ್ತೆ ಸಂಪಾದಿಸಬೇಕು.